ಹಟ್ಟಿಯಲ್ಲೊಂದು ಗಾಡಿ

ಊರು ಸುತ್ತಿ ಬಂದವರು ಬರೆದ ಪ್ರವಾಸ ಕಥನಗಳಿಗೆ ನಮ್ಮಲ್ಲಿ ಬರವಿಲ್ಲ. ಕಂಡ ಬೆಟ್ಟ, ಮಿಂದ ಹೊಳೆ, ಉಂಡ ಊಟ, ಎಲ್ಲವೂ ಅವುಗಳಲ್ಲಿ ಬರುತ್ತದೆ. ಸುತ್ತಿ ಬಂದ ಮೇಲೆ ಗಾಡಿ ಎಲ್ಲಿ ನಿಂತಿತು, ಅದನ್ನು ಯಾರು ನೋಡಿಕೊಂಡರು ಎಂಬ ಮಾತು ಮಾತ್ರ ಬರುವುದಿಲ್ಲ. ನನ್ನ ತಮ್ಮನ ಮಗನ ಪ್ರವಾಸದ ಗಾಡಿ ವರ್ಷದ 365 ದಿನಗಳಲ್ಲಿ ದಾರಿಯ ಮೇಲಿರುವುದು ಹೆಚ್ಚೆಂದರೆ 20 ದಿನ. ಉಳಿದ 345 ದಿನ ಅದು ತೆಕ್ಕಟ್ಟೆಯ ಒಳಗಿನ ನಮ್ಮ ಮನೆಯ ಹಟ್ಟಿಯಲ್ಲಿರುತ್ತದೆ. ಲೆಕ್ಕದ ನ್ಯಾಯದಿಂದ ನೋಡಿದರೆ ಅದನ್ನು ಪ್ರವಾಸದ ಗಾಡಿ ಎನ್ನುವುದಕ್ಕಿಂತ ಹಟ್ಟಿಯ ಗಾಡಿ ಎನ್ನುವುದೇ ಸರಿ. ಪ್ರವಾಸದ ಕಥೆಯನ್ನು ಅವನು ಬರೆದುಕೊಳ್ಳಲಿ. ಹಟ್ಟಿಯ ಕಥೆ ನನ್ನದು.

ಗಾಡಿಯೆಂದರೆ ಹಳೆಯದೊಂದು ಮಿನಿ ಬಸ್ಸು. ಒಳಗಿನ ಸೀಟುಗಳನ್ನು ಕಿತ್ತು, ಮಂಚ ಕೂರಿಸಿ, ಮಡಚುವ ಮೇಜು, ಗ್ಯಾಸಿನ ಒಲೆ, ನೀರಿನ ತೊಟ್ಟಿ, ಗೋಡೆಗೆ ಒರಗಿದ ಪುಟ್ಟ ಕಪಾಟು ಎಲ್ಲವನ್ನೂ ಮಾಡಿಸಿದ್ದಾನೆ. ಹೀಗೆ ಗಾಡಿಯ ಹೊಟ್ಟೆಯನ್ನು ಬದಲಾಯಿಸಬೇಕಾದರೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ಸರಕಾರದ ಅನುಮತಿ ಪಡೆಯಬೇಕು, ಅದನ್ನೂ ಪಡೆದಿದ್ದಾನೆ. ಅವನಿಗೆ ದೊರೆಯದಿದ್ದುದು ಒಂದೇ, ಗಾಡಿ ನಿಲ್ಲಿಸುವ ಜಾಗ. ಬೆಂಗಳೂರಿನಲ್ಲಿ ಅವನ ವಾಸ ಆರನೆಯ ಮಹಡಿಯಲ್ಲಿ. ಅಲ್ಲಿ ಮನೆಗೊಂದು ಕಾರು ನಿಲ್ಲಲು ಗೆರೆ ಎಳೆದಿದ್ದಾರೆ. ಈ ಗಾಡಿಯ ಹಿಂಭಾಗ ಆ ಗೆರೆಯನ್ನು ದಾಟಿ ಪಕ್ಕದವರ ಹಕ್ಕಿನ ಮೇಲೆ ಕುಳಿತುಬಿಡುತ್ತದೆ. ವಾರದೊಳಗೆ ತಕರಾರು ಬಂತು. 2021ರ ಮಾರ್ಚಿಯಲ್ಲಿ ಫೋನು ಮಾಡಿದ: “ದೊಡ್ಡಪ್ಪಯ್ಯ, ಹಟ್ಟಿ ಖಾಲಿ ಇತ್ತಲ್ದಾ? ಅಲ್ಲಿ ನಿಲ್ಸುವನಾ?”

ಹಟ್ಟಿ ಖಾಲಿಯಾಗಿ ಏಳು ವರ್ಷವಾಗಿತ್ತು. ಒಂದು ಕಾಲಕ್ಕೆ ಹನ್ನೊಂದು ಬಾಲಗಳಿದ್ದ ಹಟ್ಟಿ ಅದು. ಉಳುವುದಕ್ಕೆ ಟಿಲ್ಲರು ಬಂದ ಮೇಲೆ ಎತ್ತು ಕೋಣಗಳು ಹೋದವು. ಅಕ್ಕಚ್ಚು ಹೊತ್ತು ಹಾಕುವ ಕೈಗಳು ಸೋತಮೇಲೆ ದನಗಳೂ ಹೋದವು. ಕೊನೆಯ ದನವನ್ನು ಕೊಟ್ಟದ್ದು 2014ರಲ್ಲಿ. ಆಮೇಲೆ ಅಲ್ಲಿ ಉಳಿದದ್ದು ಗೂಟ, ಬೈಹುಲ್ಲಿನ ಮುಗ್ಗಲು ವಾಸನೆ, ಮತ್ತು ಒಡೆದ ಕೊಡಪಾನಗಳು.

ಗಾಡಿಯ ನೆತ್ತಿ ಹಟ್ಟಿಯ ತೊಲೆಗಿಂತ ಒಂದು ಗೇಣು ಎತ್ತರವೆಂದು ಅಳತೆಯಿಂದ ಗೊತ್ತಾಯಿತು. ಮಾಡನ್ನು ಎತ್ತಿಸುವ ಬದಲು ನೆಲವನ್ನು ಇಳಿಸಿದೆವು. ಇದರಿಂದ ಇನ್ನೊಂದು ಲಾಭವೂ ಆಯಿತು. ತಲೆತಲಾಂತರದಿಂದ ಗಂಜಲ ಕುಡಿದ ಮಣ್ಣು ಅದು. ಅದರಿಂದ ಏಳುವ ಹಬೆ ದನಕ್ಕೆ ಏನೂ ಮಾಡದಿರಬಹುದು, ಲೋಹಕ್ಕೆ ಆಗದು. ಒಂದೂವರೆ ಗೇಣು ಮಣ್ಣು ತೆಗೆದು ತೆಂಗಿನ ಬುಡಕ್ಕೆ ಹಾಕಿಸಿದೆ, ಮುರಕಲ್ಲು ಹಾಸಿಸಿ ಗಾರೆ ಎಳೆಸಿದೆ, ಸುತ್ತ ಒಂದು ಕಣಿ ತೋಡಿಸಿದೆ. ಆ ವರ್ಷ ತೆಂಗು ಕಾಯಿ ಹಿಡಿದ ಬಗೆಯನ್ನು ನೋಡಿದ ನೆರೆಯವರು ನಾನೇನೋ ಹೊಸ ಗೊಬ್ಬರ ತರಿಸಿರಬೇಕೆಂದುಕೊಂಡರು.

ಇಷ್ಟಾಗಿಯೂ ಬೇಸಿಗೆಯಲ್ಲಿ ಗಾಡಿ ಇಡುವುದು ದೊಡ್ಡ ಮಾತಲ್ಲ. ನಮ್ಮ ಕಡೆ ಲೆಕ್ಕಕ್ಕೆ ಬರುವುದು ಮಳೆಗಾಲ. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸಿನಲ್ಲಿ ಸುರಿಯುವ ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಮೇಲಿಂದ ನೀರು, ಪಡುವಣದಿಂದ ಉಪ್ಪುಗಾಳಿ. ಆಸಾಡಿ ತಿಂಗಳಲ್ಲಿ ಪೆಟ್ಟಿಗೆಯೊಳಗಿನ ಪಟ್ಟೆ ಸೀರೆಗೂ ಬೂಷ್ಟು ಹಿಡಿಯುತ್ತದೆ. ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚುತ್ತದೆ. ಉಪ್ಪಿನ ಭರಣಿಯಲ್ಲಿ ಉಪ್ಪೇ ನೀರಾಗಿರುತ್ತದೆ. ಅಂಥಲ್ಲಿ ಕಬ್ಬಿಣದ ಪಾಡೇನು? ಹುಡುಗ ಬೆಂಗಳೂರಿನಲ್ಲಿ ಅಳತೆ ಕೊಟ್ಟು ಒಂದು ದಪ್ಪ ಪ್ಲಾಸ್ಟಿಕ್ ಅಂಗಿಯನ್ನು ಹೊಲಿಸಿ ತಂದಿದ್ದ. ನೆತ್ತಿಯಿಂದ ಚಕ್ರದವರೆಗೆ ತೊಡಿಸಿ, ಹಗ್ಗ ಬಿಗಿದು, “ಇನ್ನ್ ಹೆದ್ರಿಕೆ ಇಲ್ಲ” ಎಂದು ಹೊರಟುಹೋದ.

ಜುಲೈಯ ಮೊದಲ ವಾರ ಮೀನು ತರುವ ಮುದುಕನೊಬ್ಬ ಬೈಸಿಕಲ್ಲು ನಿಲ್ಲಿಸಿ ಹಟ್ಟಿಯೊಳಗೆ ಇಣುಕಿದ. ಪ್ರಾಯದಲ್ಲಿ ಕಡಲಿಗೆ ಹೋಗುತ್ತಿದ್ದವನು. ಅಂಗಿಯ ಅಂಚನ್ನೆತ್ತಿ ಕೈ ಹಾಕಿದ. ಒಳಗೆ ಬೆವರಿನಂತೆ ನೀರು. “ಇದ್ರ್ ಉಸ್ರ್ ಕಟ್ಟಿರಿ ಅಲ್ದಾ?” ಎಂದ. ದಡಕ್ಕೆಳೆದ ದೋಣಿಗೆ ಅವರು ಹೊದಿಸುವುದು ತೆಂಗಿನ ಮಡಲಿನ ತಟ್ಟಿಯನ್ನು. ಅದು ಮಳೆಯನ್ನು ತಡೆಯುತ್ತದೆ, ಬಿಸಿಲಿಗೆ ಹಲಗೆ ಬಿರಿಯದಂತೆ ನೆರಳು ಕೊಡುತ್ತದೆ, ಗಾಳಿಯನ್ನು ಮಾತ್ರ ಬಿಡುತ್ತದೆ. ನೀರಿನಲ್ಲಿರುವ ದೋಣಿಗಿಂತ ದಡದಲ್ಲಿರುವ ದೋಣಿಯನ್ನು ಹೆಚ್ಚು ನೋಡಬೇಕೆಂದು ಅವನ ಮಾತಿನ ತಾತ್ಪರ್ಯ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಗಂಗೊಳ್ಳಿಯ ಬಂದರಿಗೆ ಹೋಗಿ ನೋಡಬೇಕು. ಒಂದಕ್ಕೊಂದು ಹೆಗಲು ಕೊಟ್ಟು ನಿಂತ ದೋಣಿಗಳ ಮೇಲೆ ಜನ ಹತ್ತುತ್ತಾರೆ, ಇಳಿಯುತ್ತಾರೆ, ಬಲೆ ಹೆಣೆಯುತ್ತಾರೆ, ಯಂತ್ರ ಬಿಚ್ಚುತ್ತಾರೆ. ರಜೆಯೆಂಬುದು ದೋಣಿಗೆ, ದೋಣಿಯವನಿಗಲ್ಲ.

ನಾನು ಪ್ಲಾಸ್ಟಿಕ್ ಅಂಗಿಯನ್ನು ಕಳಚಿ ಮಡಚಿಟ್ಟೆ. ಹಟ್ಟಿಯ ಪಡುವಣ ಬದಿಗೆ ಮಡಲ ತಟ್ಟಿ ಕಟ್ಟಿಸಿದೆ. ಹಾಸಿಗೆಯನ್ನು ಹೊರತೆಗೆದು ಅಟ್ಟಕ್ಕೇರಿಸಿದೆ, ನೀರಿನ ತೊಟ್ಟಿಯನ್ನು ಬರಿದು ಮಾಡಿದೆ, ಗ್ಯಾಸಿನ ಸಿಲಿಂಡರನ್ನು ಬೇರೆ ಇಟ್ಟೆ. ಡೀಸೆಲ್ ತೊಟ್ಟಿಯನ್ನು ಮಾತ್ರ ತುಂಬಿಯೇ ಇಡಬೇಕು. ಖಾಲಿ ಬಿಟ್ಟ ಜಾಗದಲ್ಲಿ ತೇವ ಹನಿಗಟ್ಟಿ ಎಣ್ಣೆಗೆ ನೀರು ಸೇರುತ್ತದೆ. ಕೈಬ್ರೇಕು ಎಳೆದಿಡಬಾರದು, ತಿಂಗಳಾದಮೇಲೆ ಅದು ತುಕ್ಕು ಹಿಡಿದು ಚಕ್ರವನ್ನು ಬಿಡುವುದಿಲ್ಲ, ಚಕ್ರಕ್ಕೆ ಅಡೆಗಲ್ಲು ಕೊಟ್ಟರೆ ಸಾಕು. ಬ್ಯಾಟರಿಯ ಒಂದು ತಂತಿಯನ್ನು ಕಳಚಬೇಕು. ಹೊಗೆಕೊಳವೆಯ ಬಾಯಿಗೆ ಬಟ್ಟೆ ತುರುಕಬೇಕು, ಇಲ್ಲವಾದರೆ ಕುಂಬಾರ ಹುಳ ಅಲ್ಲಿ ಮಣ್ಣಿನ ಮನೆ ಕಟ್ಟುತ್ತದೆ. ಗಾಡಿ ಹೊರಡಿಸುವ ಮುನ್ನ ಆ ಬಟ್ಟೆಯನ್ನು ತೆಗೆಯುವ ನೆನಪಿಗಾಗಿ ಅದರ ಇನ್ನೊಂದು ತುದಿಯನ್ನು ಬಾಗಿಲ ಹಿಡಿಗೆ ಕಟ್ಟಿದ್ದೇನೆ.

ಇಲಿಯ ವಿಷಯ ಹೇಳಹೊರಟರೆ ಅದೇ ಒಂದು ಪರ್ವವಾದೀತು. ಅಕ್ಕಿ, ತೆಂಗು, ಹಲಸಿನ ಬೀಜ ಎಲ್ಲವೂ ಇರುವ ಮನೆಯಲ್ಲಿ ಅವಕ್ಕೆ ತಂತಿಯ ಮೇಲಿನ ಪ್ಲಾಸ್ಟಿಕ್ಕೇ ಏಕೆ ಬೇಕೋ ದೇವರೇ ಬಲ್ಲ. ನುಸಿಗುಳಿಗೆ ಇಟ್ಟೆ, ಹೊಗೆಸೊಪ್ಪು ಇಟ್ಟೆ. ಕೊನೆಗೆ ಎಂಜಿನ್ನಿನ ಮುಚ್ಚಳವನ್ನು ತೆರೆದೇ ಇಡು, ಕತ್ತಲೆಯಿಲ್ಲದ ಕಡೆ ಇಲಿ ಸಂಸಾರ ಹೂಡದು ಎಂದು ಒಬ್ಬರು ಹೇಳಿದರು. ಅದು ಒಂದಿಷ್ಟು ನಡೆಯಿತು. ಉಳಿದದ್ದನ್ನು ಬೆಕ್ಕು ನೋಡಿಕೊಂಡಿತು. ಮುಚ್ಚಳ ತೆರೆದ ಗಾಡಿ ಬಾಯಿ ತೆರೆದು ಮೆಲುಕಾಡುವ ಎಮ್ಮೆಯಂತೆ ಕಾಣುತ್ತದೆ. ಬೆಳಗ್ಗೆ ಎದ್ದು ಹಟ್ಟಿಯ ಕಡೆ ಹೋಗುವ ಅಭ್ಯಾಸ ನನ್ನ ಕಾಲುಗಳಿಗೆ ಮರಳಿ ಬಂದುಬಿಟ್ಟಿತು.

ತಿಂಗಳಿಗೊಮ್ಮೆ ಗಾಡಿಯನ್ನು ಓಡಿಸಬೇಕು. ನಿಂತಲ್ಲೇ ಚಾಲೂ ಮಾಡಿ ಹತ್ತು ನಿಮಿಷ ಗುರುಗುಟ್ಟಿಸಿದರೆ ಸಾಲದು; ಎಂಜಿನ್ನು ಚೆನ್ನಾಗಿ ಬಿಸಿಯಾಗಬೇಕು, ಚಕ್ರ ಉರುಳಬೇಕು, ಇಲ್ಲವಾದರೆ ಟಯರು ನಿಂತ ಕಡೆಗೇ ಚಪ್ಪಟೆಯಾಗುತ್ತದೆ. ನೆರೆಮನೆಯ ರಿಕ್ಷಾ ಓಡಿಸುವ ಹುಡುಗ ಬಂದು ಸ್ಟಿಯರಿಂಗು ಹಿಡಿಯುತ್ತಾನೆ. ಮೊದಲ ತಿಂಗಳು ಕೋಟದವರೆಗೆ ಹೋಗಿ ತಿರುಗಿದೆವು. ಎರಡನೆಯ ಸಲ ಹೊರಡುವಾಗ ಮನೆಯವಳು ಚಹದ ಫ್ಲಾಸ್ಕು ಹಿಡಿದು ಮೆಟ್ಟಿಲ ಬಳಿ ನಿಂತಿದ್ದಳು. ಹೇಗೂ ಖಾಲಿ ಹೋಗುವ ಗಾಡಿಯಷ್ಟೆ.

ಅಲ್ಲಿಂದ ಮುಂದೆ ಈ ತಿಂಗಳೋಟ ಕೋಟಕ್ಕೆ ನಿಲ್ಲಲಿಲ್ಲ. ಮರವಂತೆಗೆ ಹೋದೆವು, ಒಂದು ಕಿಟಕಿಯಲ್ಲಿ ಸೌಪರ್ಣಿಕೆ, ಇನ್ನೊಂದರಲ್ಲಿ ಕಡಲು. ಬಸ್ಸಿನಲ್ಲಿ ನೂರು ಸಲ ಹೋದ ದಾರಿ, ಆದರೆ ಬಸ್ಸು ನಮಗಾಗಿ ನಿಂತದ್ದಿಲ್ಲ. ಬಾರಕೂರಿಗೆ ಹೋದೆವು, ಅವಳು ಆ ಊರಿಗೆ ಮದುವೆಗಳಿಗೆ ಮಾತ್ರ ಹೋದವಳು, ಕತ್ತಲೆ ಬಸದಿಯನ್ನು ಕಂಡವಳಲ್ಲ. ಬೈಂದೂರಿನ ಒತ್ತಿನೆಣೆಯ ಏರಿನಲ್ಲಿ ಗಾಡಿ ನಿಲ್ಲಿಸಿ, ಮಡಚುವ ಮೇಜನ್ನು ಬಿಡಿಸಿ, ಇಡ್ಲಿಯ ಡಬ್ಬ ತೆರೆದು ಕಡಲನ್ನು ನೋಡುತ್ತ ತಿಂದೆವು. 2018ರಲ್ಲಿ ಬೈಂದೂರು, ಬ್ರಹ್ಮಾವರಗಳು ಬೇರೆ ಬೇರೆ ತಾಲೂಕುಗಳಾದಾಗ ನಮ್ಮ ಓಡಾಟಕ್ಕೆ ಏನೂ ವ್ಯತ್ಯಾಸವಾಗಿರಲಿಲ್ಲ; ಈಗ ಮೂರು ತಾಲೂಕು ಸುತ್ತಿದೆವೆಂದು ಹೇಳಿಕೊಳ್ಳುವ ಹೆಮ್ಮೆ ಸಿಕ್ಕಿತು. ಇವೆಲ್ಲ ಟಯರಿನ ಹಿತಕ್ಕಾಗಿ ಎಂಬುದನ್ನು ವಾಚಕರು ಮರೆಯಬಾರದು.

ಈಗ ಸ್ವಲ್ಪ ಕಷ್ಟದ ಮಾತು. ನಮ್ಮ ಓಣಿಯಲ್ಲಿ ಏಳು ಮನೆ; ನಾಲ್ಕಕ್ಕೆ ಬೀಗ. ಒಬ್ಬರು ಮುಂಬಯಿಯಲ್ಲಿ ಹೋಟೆಲು ಇಟ್ಟವರು, ಒಬ್ಬರು ದುಬೈಯವರು, ಉಳಿದಿಬ್ಬರು ಬೆಂಗಳೂರಿನವರು. ನಾಲ್ಕು ಮನೆಯ ಬೀಗದ ಕೈಗಳೂ ನಮ್ಮ ಜಗಲಿಯ ಮೊಳೆಗೆ ನೇತಾಡುತ್ತಿವೆ. ಅವರೆಲ್ಲ ನಾಗದರ್ಶನಕ್ಕೋ ಕೊಡಿಹಬ್ಬಕ್ಕೋ ಬರುತ್ತಾರೆ; ಎರಡು ದಿನ ದೀಪ ಉರಿಯುತ್ತದೆ, ಮೂರನೆಯ ದಿನ ಮತ್ತೆ ಬೀಗ. ನಾನು ಆಗಾಗ ಹೋಗಿ ಬಾಗಿಲು ತೆರೆದು ಗಾಳಿಯಾಡಿಸುತ್ತೇನೆ. ಆದರೆ ಮನೆ ಕೆಡುವ ವೇಗ ಗಾಡಿ ಕೆಡುವ ವೇಗಕ್ಕಿಂತ ಹೆಚ್ಚು. ಮಂಗ ಒಂದು ಹಂಚು ಸರಿಸಿದರೆ ಸಾಕು; ಆ ಮಳೆಗಾಲದಲ್ಲಿ ಪಕ್ಕಾಸಿಗೆ ನೀರು, ಮರುವರ್ಷ ಗೋಡೆಗೆ ಒರಲೆ. ಗಾಡಿಯನ್ನಾದರೆ ತಿಂಗಳಿಗೊಮ್ಮೆ ಓಡಿಸಿ ತರಬಹುದು. ಮನೆಗೆ ಓಟವೆಂದರೆ ಒಳಗೆ ಒಲೆ ಹೊತ್ತಿ ಹೊಗೆ ಏಳುವುದೇ ತಾನೆ? ಅದನ್ನು ನಾನೊಬ್ಬ ನಾಲ್ಕು ಮನೆಯಲ್ಲಿ ಮಾಡಲಾರೆ.

ಐದನೆಯ ಬೀಗದ ಮಾತನ್ನು ಎತ್ತುವವಳು ನನ್ನ ಮಗಳು. ನನಗೆ 71, ಅವಳ ಅಮ್ಮನಿಗೆ 66. ರಾತ್ರಿ ಹೊತ್ತು ಏನಾದರೂ ಆದರೆ ಕೂಗಿದರೆ ಕೇಳುವವರು ಯಾರು ಎಂದು ಅವಳ ಚಿಂತೆ. ಅದು ಸುಳ್ಳು ಚಿಂತೆಯಲ್ಲ. ಬೆಂಗಳೂರಿಗೆ ಬಂದುಬಿಡಿ ಎಂದು ಪ್ರತಿ ಭಾನುವಾರ ಹೇಳುತ್ತಾಳೆ. ಹಿಂದೆ ನಾನು ದನವನ್ನು ಯಾರು ನೋಡಬೇಕು ಎನ್ನುತ್ತಿದ್ದೆ. ಈಗ ಗಾಡಿ ಎನ್ನುತ್ತೇನೆ. ಒಮ್ಮೆ ಮನೆಯವಳು ಕೇಳಿಯೇಬಿಟ್ಟಳು: “ಹ್ವಾಯ್, ದನ ಇಪ್ಪತ್ತಿಗೆ ದನ ಅಂದ್ರಿ, ಈಗ ಇದ್ ಒಂದ್. ನಾವ್ ಹೋಪುದ್ ಯಾವಾಗ?” ಉತ್ತರಕ್ಕೆ ಬದಲು ನಾನು ಬ್ಯಾಟರಿಯ ತಂತಿ ನೋಡಿಬರಲು ಎದ್ದೆ.

ಹುಡುಗನ ಪ್ರವಾಸಗಳೋ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದವು. ಮೊದಲ ವರ್ಷ ನಾಲ್ಕು ಸಲ ಬಂದು ಗಾಡಿ ಒಯ್ದ. ಆಗುಂಬೆ, ಗೋಕರ್ಣ, ಒಮ್ಮೆ ಗೋವೆಯವರೆಗೂ ಹೋಗಿಬಂದ. ಎರಡನೆಯ ವರ್ಷ ಎರಡು ಸಲ. ಆಮೇಲೆ ಮಗುವಾಯಿತು, ಮಗುವಿಗೆ ಶಾಲೆಯಾಯಿತು, ಕಳೆದ ದೀಪಾವಳಿಗೆ ಒಂದು ಸಲ. ಈ ಮಳೆಗಾಲದ ಕೊನೆಯಲ್ಲಿ ಫೋನು ಬಂತು: ಕಂಪೆನಿಯವರು ಮೂರು ವರ್ಷದ ಮಟ್ಟಿಗೆ ಹೊರದೇಶಕ್ಕೆ ಕಳಿಸುತ್ತಾರಂತೆ. “ನಿಮ್ಗೆ ಸುಮ್ನೆ ತೊಂದ್ರೆ ದೊಡ್ಡಪ್ಪಯ್ಯ, ಗಿರಾಕಿ ಸಿಕ್ರೆ ಮಾರಿ” ಎಂದ. ನಾನು ಏನು ಹೇಳಬೇಕೆಂದು ಹುಡುಕುತ್ತಿರುವಾಗ ಮನೆಯವಳು ನನ್ನ ಕೈಯಿಂದ ಫೋನು ತೆಗೆದುಕೊಂಡು, “ಮಾರುದೆಲ್ಲ ನೀ ಬಂದ್ ಮೇಲೆ ಕಾಂಬ ಮಗಾ” ಎಂದು ಇಟ್ಟಳು.

ಆ ರಾತ್ರಿ ಊಟಕ್ಕೆ ಬಡಿಸುವಾಗ ಅವಳೇ ಮಾತು ತೆಗೆದಳು. ಮಗಳು ಅಷ್ಟು ಕರೆಯುತ್ತಿದ್ದಾಳೆ, ದೀಪಾವಳಿ ಕಳೆದ ಮೇಲೆ ಹೋಗೋಣ ಎಂದಳು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

“ಬಸ್ಸಲ್ಲಿ ಬ್ಯಾಡ. ಆ ಹುಡ್ಗನ್ನ ಕರ್ಕಂಡ್ ನಮ್ ಗಾಡಿಯಲ್ಲೇ ಹೋಪ” ಎಂದಳು.

“ಅಲ್ಲ ಮಾರಾಯ್ತಿ, ಅಲ್ಲಿ ಅದನ್ ನಿಲ್ಸುಕೆ ಜಾಗ ಇಲ್ಲ ಅಲ್ದಾ?”

“ಅದಕ್ಕೇ ಹೇಳ್ದ್ ನಾನ್” ಎಂದು ಅವಳು ಸಾರು ಬಡಿಸಿದಳು.