ಗಡಹಿಂಗ್ಲಜದಿಂದ ರಂಕಾಳದ ದಂಡೆಗೆ

ಸಂಕೇಶ್ವರದ ಮಾರ್ಗವಾಗಿ ಗಡಹಿಂಗ್ಲಜದಿಂದ ಕೊಲ್ಲಾಪುರಕ್ಕೆ ಹೊರಟವರು ರಾಜ್ಯದ ಗಡಿಯನ್ನು ಎರಡು ಸಲ ದಾಟಬೇಕು. ಹಿರಣ್ಯಕೇಶಿಯ ದಂಡೆಯನ್ನು ಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ಕರ್ನಾಟಕ. ನಿಪ್ಪಾಣಿ ಹಿಂದಾಗಿ ಕಾಗಲ ಬಂದಿತೆಂದರೆ ಮತ್ತೆ ಮಹಾರಾಷ್ಟ್ರ. ನಮ್ಮ ಬೀಗತನ, ಸಂತೆ, ಜಾತ್ರೆಗಳು ಈ ಗಡಿಯನ್ನು ಎಣಿಸಿದವಲ್ಲ. ರೋಗವೂ ಎಣಿಸುವುದಿಲ್ಲ.

ಕಳೆದ ಚಳಿಗಾಲದಲ್ಲಿ ಕೊಲ್ಲಾಪುರದ ನಮ್ಮ ಅತ್ತಿಗೆಯವರನ್ನು ಕಾಣಲು ಹೊರಟ ನಾವು, ಮೊದಲು ಇಚಲಕರಂಜಿಯಲ್ಲಿ ಅವರ ಮಗಳ ಮನೆಗೆ ಹೋದೆವು. ಮಗ್ಗಗಳ ಸದ್ದಿನಿಂದಾಗಿ ಅಲ್ಲಿ ಎಲ್ಲರದೂ ಗಟ್ಟಿ ದನಿ. ಆದರೆ ತಾಯಿಯ ಬೇನೆಯ ಹೆಸರನ್ನು ಮಗಳು ಪಿಸುಮಾತಿನಲ್ಲಿಯೇ ಹೇಳಿದಳು: ಸ್ತನದ ಕ್ಯಾನ್ಸರು. ನೋವಿಲ್ಲದ ಗಂಟೆಂದು ಅತ್ತಿಗೆಯವರು ಅದನ್ನು ಎಂಟು ತಿಂಗಳು ಯಾರಿಗೂ ತಿಳಿಸಿರಲಿಲ್ಲವಂತೆ.

ಶಸ್ತ್ರಚಿಕಿತ್ಸೆಯಾಗಿ ಈಗ ಏಳು ವರ್ಷ. ಮರುದಿನ ನಸುಕಿನಲ್ಲಿ ಅವರೊಡನೆ ರಂಕಾಳ ಕೆರೆಯ ದಂಡೆಯ ಮೇಲೆ ನಾವೂ ನಡೆದೆವು. ಅವರೂ ಗೆಳತಿಯರೂ ನಡೆದ ದಿನಕ್ಕೊಂದು ಎಂದು ನಾಣ್ಯ ಕೂಡಿಡುತ್ತಾರೆ. ವರ್ಷಕ್ಕೊಮ್ಮೆ ಅದನ್ನು ಕ್ಯಾನ್ಸರ್ ಸಂಶೋಧನೆಗೆ ಕಳುಹಿಸುತ್ತಾರೆ. “ಮಾಸ್ತರ, ಪಂಢರಪುರಕ್ಕ ನಡದೇವಿ, ಎಲ್ಲಮ್ಮನ ಗುಡ್ಡಕ್ಕ ನಡದೇವಿ. ಇದಕ್ಕೂ ನಡೀಬೇಕಲ್ಲ?” ಎಂದರು.

ಈ ರೋಗದಿಂದ ತೀರಿಕೊಂಡ ಅಕ್ಕ ಸುಸಾನ್ ಕೋಮೆನ್‌ಳ ನೆನಪಿನಲ್ಲಿ ತಂಗಿ ನ್ಯಾನ್ಸಿ ಬ್ರಿಂಕರ್ 1983ರಲ್ಲಿ ಅಮೆರಿಕೆಯ ಡಲ್ಲಾಸ್ ನಗರದಲ್ಲಿ ಇಂಥದೇ ಓಟವನ್ನು ಏರ್ಪಡಿಸಿದ್ದರು. ಹೀಗೆ ಕೂಡಿದ ಹಣದಿಂದ ಏನು ಸಾಧ್ಯ ಎಂದು ಓದುಗರು ಕೇಳಬಹುದು. ಸಂಶೋಧನೆಯೆಂದರೆ ಏನೆಂಬುದಕ್ಕೆ ಮುಂಬಯಿಯೇ ಉದಾಹರಣೆ. ಅಲ್ಲಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಬಡ ವಸತಿಗಳ 1,51,538 ಮಹಿಳೆಯರ ಅಧ್ಯಯನವನ್ನು ಆರಂಭಿಸಿದರು. ಒಂದು ಗುಂಪಿನವರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ, ನಾಲ್ಕು ಸಲ, ಕೈಯಿಂದ ಪರೀಕ್ಷಿಸಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು: ಪರೀಕ್ಷೆಗೊಳಗಾದ ಗುಂಪಿನಲ್ಲಿ ಗಂಟು ಬೇಗನೆ ಪತ್ತೆಯಾಗಿತ್ತು, ಐವತ್ತು ದಾಟಿದವರಲ್ಲಿ ಈ ರೋಗದ ಸಾವು ಸುಮಾರು ಶೇಕಡಾ 30ರಷ್ಟು ತಗ್ಗಿತ್ತು. ಕಿರಿಯರಲ್ಲಿ ಸಾವು ಹಾಗೆ ತಗ್ಗಲಿಲ್ಲ. ಅವರಿಗಾಗಿ ಸಂಶೋಧನೆ ಇನ್ನೂ ನಡೆಯಬೇಕು. ಅದಕ್ಕೆ ಹಣ ಬೇಕು.

ಹಣಕ್ಕಿಂತ ಮೊದಲು ಬೇಕಾದುದು ಸಂಕೋಚವನ್ನು ಬಿಡುವುದು. ಎದೆಯಲ್ಲಿ ಗಂಟು, ಚರ್ಮದಲ್ಲಿ ಕುಳಿ, ತೊಟ್ಟಿನಿಂದ ರಕ್ತ ಕಂಡರೆ ನೋವಿಗಾಗಿ ಕಾಯದೆ ವೈದ್ಯರಿಗೆ ತೋರಿಸತಕ್ಕದ್ದು. ಬರುವ ಸಂಕ್ರಾಂತಿಯಲ್ಲಿ ಅರಿಸಿನ-ಕುಂಕುಮಕ್ಕೆ ಕೂಡಿದ ತಾಯಂದಿರು ಎಳ್ಳು-ಬೆಲ್ಲದ ಜೊತೆಗೆ ಈ ಮಾತನ್ನೂ ಹಂಚಿಕೊಳ್ಳಲಿ ಎಂದು ನಮ್ಮ ವಿನಂತಿ.