ಮಕ್ಕಳೊಡನೆ ಮಾಲ್ಗುಡಿಗೆ

ಮಾಲ್ಗುಡಿ ಎಂಬ ಊರು ಭೂಪಟದಲ್ಲಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ಆದರೂ ಕಳೆದ ದಸರಾ ರಜೆಯಲ್ಲಿ ನಾವು ನಾಲ್ವರು ಮೈಸೂರಿನಿಂದ ಆ ಊರಿಗೆ ಹೋಗಿಬಂದೆವು.

ಇದಕ್ಕೆ ಮೂಲ ನಮ್ಮ ತಂದೆಯವರು. 1987ರಲ್ಲಿ ದೂರದರ್ಶನದಲ್ಲಿ ‘ಮಾಲ್ಗುಡಿ ಡೇಸ್’ ಬರುತ್ತಿದ್ದಾಗ ನಮ್ಮ ಮನೆಯಲ್ಲಿದ್ದುದು ಕಪ್ಪು-ಬಿಳುಪಿನ ಟಿ.ವಿ. ರಜೆಗೆಂದು ಬಂದ ಸೋದರತ್ತೆಯ ಮಕ್ಕಳೂ ಸೇರಿ ಹನ್ನೊಂದು ಜನ ನಡುಮನೆಯ ಚಾಪೆಯ ಮೇಲೆ ಕುಳಿತುಕೊಳ್ಳುತ್ತಿದ್ದೆವು. ಎಲ್. ವೈದ್ಯನಾಥನ್ ಅವರ ಸಂಗೀತದೊಡನೆ ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳು ಮೂಡುತ್ತಲೇ ಗದ್ದಲ ಅಡಗುತ್ತಿತ್ತು. ಮಾತೆಲ್ಲ ಹಿಂದಿ, ನಮಗೆ ಒಂದಕ್ಷರವೂ ತಿಳಿಯದು. ತಂದೆಯವರು ಬೆತ್ತದ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತ ಹೋಗುವರು. ಸ್ವಾಮಿಯ ಗೆಳೆಯ ರಾಜಂ ರೈಲಿನಲ್ಲಿ ಊರು ಬಿಟ್ಟು ಹೋದ ದಿನ ನಾನು ಬಿಕ್ಕಿಬಿಕ್ಕಿ ಅತ್ತೆ. “ಅಳಬೇಡವೊ, ರಾಜಂ ಮುಂದಿನ ಸ್ಟೇಷನ್ನಿನಲ್ಲಿಯೇ ಇಳಿದು ಸ್ವಾಮಿಗೊಂದು ಕಾಗದ ಹಾಕಿದ” ಎಂದರು. ನಾನು ನಂಬಿದೆ.

ಈಗ ಬೇಕೆಂದಾಗ ಎಲ್ಲವನ್ನೂ ನೋಡಬಹುದು. ಆದರೂ ದಿನಕ್ಕೊಂದೇ ಕಂತು, ಎಲ್ಲರೂ ಚಾಪೆಯ ಮೇಲೆಯೇ ಎಂದು ರಜೆಯ ಮೊದಲ ದಿನವೇ ಕಟ್ಟಳೆ ಮಾಡಿದೆ. ಹನ್ನೆರಡು ವರ್ಷದ ಮಗ ಎರಡು ದಿನ ಆಕಳಿಸಿದ. ಎಂಟರ ಮಗಳು, “ನಮ್ಮ ಕಡೆಯ ಹುಡುಗ ಹಿಂದಿ ಯಾಕಪ್ಪ ಮಾತಾಡ್ತಾನೆ?” ಎಂದಳು. ನ್ಯಾಯವಾದ ಪ್ರಶ್ನೆ! ಆರ್.ಕೆ. ನಾರಾಯಣರು ಇಂಗ್ಲಿಷಿನಲ್ಲಿ ಕಟ್ಟಿದ ಊರನ್ನು ಶಂಕರನಾಗ್ ಮಲೆನಾಡಿನಲ್ಲಿ ಕಂಡು, ಗಿರೀಶ ಕಾರ್ನಾಡ, ಮಾಸ್ಟರ್ ಮಂಜುನಾಥ್ ಮೊದಲಾದ ಕನ್ನಡದವರಿಂದ ಹಿಂದಿಯಲ್ಲಿ ಆಡಿಸಿದರು.

ರಾಜಂ ಹೊರಡುವ ಕಂತು ಬಂದಿತು. ರೈಲು ಹೋಯಿತು, ಕಂತು ಮುಗಿಯಿತು. ಕಾಗದ ಬರಲೇ ಇಲ್ಲ. ನಾನು ಎರಡು ಸಲ ಹಿಂದಕ್ಕೆ ತಿರುಗಿಸಿ ನೋಡಿದೆ. ನನ್ನಾಕೆ ಮೆಲ್ಲಗೆ, “ಮಾವನವರಿಗೆ ಹಿಂದಿ ಎಲ್ಲಿ ಬರುತ್ತಿತ್ತು?” ಎಂದಳು. ಕೇಳೋಣವೆಂದರೆ ತಂದೆಯವರು ತೀರಿಕೊಂಡು ಆರು ವರ್ಷವಾಯಿತು. ಮಗ ಆಕಳಿಸುವುದನ್ನು ಬಿಟ್ಟು, “ತಾತ ಇನ್ನೇನೇನು ಕಟ್ಟಿ ಹೇಳಿದ್ದರು?” ಎಂದು ಬೆನ್ನು ಹತ್ತಿದ. ಆಗುಂಬೆಗೆ ಹೋಗೋಣವೆಂದು ಹಟ ಹಿಡಿದವನೂ ಅವನೇ.

ಶಿವಮೊಗ್ಗದವರೆಗೆ ರೈಲು, ಅಲ್ಲಿಂದ ಬಾಡಿಗೆ ಕಾರು. ತೀರ್ಥಹಳ್ಳಿ ದಾಟುತ್ತಲೇ ಮಳೆ ಹಿಡಿಯಿತು. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರದು. ಅರಬ್ಬೀ ಸಮುದ್ರದ ಮೇಲಿನ ಸೂರ್ಯಾಸ್ತವನ್ನು ನೋಡಲು ಹೋದ ನಮಗೆ ಮಂಜಲ್ಲದೆ ಬೇರೇನೂ ಕಾಣಲಿಲ್ಲ. ಸ್ವಾಮಿಯ ಮನೆಯಾಗಿ ಚಿತ್ರಿತವಾದ ದೊಡ್ಡಮನೆ ಮಾತ್ರ ಇದ್ದಂತೆಯೇ ಇದೆ. ಶತಮಾನಕ್ಕೂ ಹಳೆಯದಾದ ತೊಟ್ಟಿಯ ಮನೆ, ಕರಿಮರದ ಕಂಬಗಳು, ಅಂಗಳದಲ್ಲಿ ತೊಟ್ಟಿಕ್ಕುವ ಸೂರುನೀರು. ಮಗಳು ಜಗಲಿಯ ಕಂಬವೊಂದನ್ನು ತಬ್ಬಿಕೊಂಡು, “ಸ್ವಾಮಿ ಇಲ್ಲೇ ನಿಂತಿದ್ದ” ಎಂದು ತೀರ್ಪು ಕೊಟ್ಟಳು. 1990ರಲ್ಲಿ, 35ನೆಯ ವಯಸ್ಸಿನಲ್ಲಿ ಅಪಘಾತದಿಂದ ತೀರಿಕೊಂಡ ಶಂಕರನಾಗ್ ಈ ಜಗಲಿಯಲ್ಲಿ ಎಷ್ಟು ಸಲ ಓಡಾಡಿರಬೇಕೆಂದು ನೆನೆದೆ.

ಮರುದಿನ ಅರಸಾಳಿಗೆ ಹೋದೆವು. ಶಿವಮೊಗ್ಗ-ತಾಳಗುಪ್ಪ ಮಾರ್ಗದ ಈ ಪುಟ್ಟ ನಿಲ್ದಾಣವೇ ಧಾರಾವಾಹಿಯ ಮಾಲ್ಗುಡಿ ಸ್ಟೇಷನ್. ಹಳೆಯ ಹೆಂಚಿನ ಕಟ್ಟಡವನ್ನು ದುರಸ್ತಿ ಮಾಡಿ 2020ರಲ್ಲಿ ವಸ್ತುಸಂಗ್ರಹಾಲಯವಾಗಿಸಿದ್ದಾರೆ. ಚೆನ್ನಾಗಿದೆ, ಬಣ್ಣ ತುಸು ಹೆಚ್ಚಾಯಿತೆಂದು ನನ್ನ ಅಭಿಪ್ರಾಯ. ಮಗಳಿಗೆ ಅದಾವುದೂ ಬೇಡ. ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ಹಳಿಗಳನ್ನು ನೋಡುತ್ತಿದ್ದಳು.

“ಅಪ್ಪಾ, ರಾಜಂ ಕಾಗದ ಹಾಕಿದ್ದು ಯಾವ ಸ್ಟೇಷನ್ನಿನಿಂದ?”

ಮಗ ನನ್ನ ಮುಖ ನೋಡಿದ. ನಾನು ಶಿವಮೊಗ್ಗದ ದಿಕ್ಕಿಗೆ ಕೈ ತೋರಿಸಿ, “ಕುಂಸಿಯಿಂದ” ಎಂದೆ.