ಹಿಂಬರಹ

ಸರ್ಕಾರಿ ಕಚೇರಿಗಳ ಕನ್ನಡದಲ್ಲಿ 'ಹಿಂಬರಹ' ಎಂಬುದೊಂದು ಪದವುಂಟು. ಪ್ರಜೆಯೊಬ್ಬನು ಸಲ್ಲಿಸಿದ ಅರ್ಜಿಗೆ ಕಚೇರಿಯು ಕೊಡುವ ಲಿಖಿತ ಉತ್ತರಕ್ಕೆ ಆ ಹೆಸರು. ಹಿಂಬರಹ ಹೊರಟಿತೆಂದರೆ ಕಚೇರಿಯ ಮಟ್ಟಿಗೆ ಆ ಅರ್ಜಿಯ ಆಯುಷ್ಯ ಮುಗಿಯಿತು. ಅರ್ಜಿಯಲ್ಲಿ ತೋಡಿಕೊಂಡಿದ್ದ ಕಷ್ಟದ ಆಯುಷ್ಯವೂ ಅದರೊಡನೆಯೇ ಮುಗಿಯಿತೇ ಎಂದು ವಿಚಾರಿಸುವ ಪದ್ಧತಿ ಮಾತ್ರ ಬಹಳ ಕಚೇರಿಗಳಲ್ಲಿ ಬೆಳೆದುಬರಲಿಲ್ಲ.

ಮಲೆನಾಡಿನ ಅಂಚಿನ ಒಂದು ಪುರಸಭೆಯ ಊರಿನಲ್ಲಿ, ಬಸದಿಯ ಬೀದಿಯಲ್ಲಿ, ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದಾರೆ. 1976ರಲ್ಲಿ ಪುರಸಭೆಯ ಗುಮಾಸ್ತರಾಗಿ ಸೇರಿ, 2012ರಲ್ಲಿ ನಿವೃತ್ತರಾದವರು. ಆ ಮೂವತ್ತಾರು ವರ್ಷಗಳಲ್ಲಿ ಹೆಚ್ಚಿನ ಕಾಲ ಅವರ ಮೇಜಿನ ಮೇಲಿದ್ದುದು ಊರಿನ ದೂರುಗಳೇ. ಬೀದಿದೀಪ ಉರಿಯುತ್ತಿಲ್ಲ, ನಲ್ಲಿಯಲ್ಲಿ ಕೆಸರು ನೀರು ಬರುತ್ತಿದೆ, ಚರಂಡಿ ತುಂಬಿದೆ, ಹಂದಿಗಳ ಕಾಟ ಹೆಚ್ಚಿದೆ ಎಂಬಂತಹವು. ಅವರು ಆವಕ ವಹಿಯನ್ನು ಬರೆಯುತ್ತಿದ್ದ ಅಚ್ಚುಕಟ್ಟನ್ನು ಲೆಕ್ಕತಪಾಸಣೆಗೆ ಬಂದವರೂ ಮೆಚ್ಚುತ್ತಿದ್ದರು. ಒಂದು ಕಾಸನ್ನೂ ಅನ್ಯಾಯವಾಗಿ ಮುಟ್ಟಿದವರಲ್ಲ. ಸಂಜೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ, ಬೆಳಗ್ಗೆ ಬಸದಿಗೆ ಹೋಗದೆ ಕಚೇರಿಯ ಮೆಟ್ಟಿಲು ಹತ್ತದ ನಿಯಮ ಅವರದು. ಲಂಚ ಮುಟ್ಟದ ಕೈ ಶುದ್ಧವಾದ ಕೈ ಎಂದೇ ಅವರು ನಂಬಿದ್ದರು.

1984ರಲ್ಲಿ ಅರ್ಜಿಗಳ ಸಂಖ್ಯೆ ಹೆಚ್ಚಿ, ಪ್ರತಿಯೊಂದಕ್ಕೂ ಬೇರೆ ಬೇರೆ ಉತ್ತರ ಬರೆಯುವುದು ಕಷ್ಟವೆನಿಸಿದಾಗ, ಮುಖ್ಯಾಧಿಕಾರಿಗಳ ಸೂಚನೆಯಂತೆ ಅವರೇ ಒಂದು ಮಾದರಿ ಹಿಂಬರಹವನ್ನು ರಚಿಸಿದರು: 'ತಮ್ಮ ಮನವಿಯನ್ನು ಪರಿಶೀಲಿಸಲಾಗಿದ್ದು, ಅನುದಾನದ ಲಭ್ಯತೆಯನ್ನು ಅನುಸರಿಸಿ ಆದ್ಯತೆಯ ಮೇರೆಗೆ ಕ್ರಮ ಕೈಗೊಳ್ಳಲಾಗುವುದೆಂದು ಈ ಮೂಲಕ ತಿಳಿಸಲಾಗಿದೆ.' ಅದನ್ನು ಸೈಕ್ಲೋಸ್ಟೈಲ್ ಮಾಡಿಸಿ ಕಟ್ಟು ಕಟ್ಟಿ ಇಟ್ಟುಕೊಂಡರು. ಹೆಸರು, ದಿನಾಂಕ ತುಂಬಿಸಿದರೆ ಉತ್ತರ ಸಿದ್ಧ. ವಾಕ್ಯವು ವಿನಯಪೂರ್ಣವಾಗಿತ್ತು, ಸುಳ್ಳೂ ಆಗಿರಲಿಲ್ಲ. ಆದರೆ ಅದರಲ್ಲಿ ಕರ್ತೃಪದವಿರಲಿಲ್ಲ. ಯಾರು ಪರಿಶೀಲಿಸಿದರು, ಯಾರು ಕೈಗೊಳ್ಳುವರು, ಯಾವ ದಿನದೊಳಗೆ ಎಂಬುದು ಯಾವುದೂ ಅದರಲ್ಲಿ ಇರಲಿಲ್ಲ.

1986ರ ಮಳೆಗಾಲದಲ್ಲಿ ಬೀದಿಯ ಕೆಳತುದಿಯ ಬಾಡಿಗೆ ಮನೆಯಲ್ಲಿದ್ದ ವಿಧವೆಯೊಬ್ಬರಿಂದ ಒಂದು ಅರ್ಜಿ ಬಂದಿತು. ಚರಂಡಿಯ ನೀರು ಬಾವಿಗೆ ಬಸಿಯುತ್ತಿದೆ, ಮಕ್ಕಳು ಆ ನೀರನ್ನೇ ಕುಡಿಯುತ್ತಿದ್ದಾರೆ ಎಂದು ಬಲಪಂ ಹಿಡಿದು ಕಲಿತ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರು. ಮಾದರಿ ಹಿಂಬರಹ ಹೋಯಿತು. ಇಪ್ಪತ್ತು ದಿನಗಳ ನಂತರ ಎರಡನೆಯ ಅರ್ಜಿ ಬಂದಿತು. ಅದಕ್ಕೂ ಅದೇ ಹಿಂಬರಹ ಹೋಯಿತು. ಮೂರನೆಯ ಅರ್ಜಿ ಬರಲಿಲ್ಲ. ತೊಂದರೆ ಪರಿಹಾರವಾಗಿರಬೇಕೆಂದು ಅವರು ಕಡತವನ್ನು ಮುಕ್ತಾಯಗೊಳಿಸಿದರು. ಆಕೆಯ ಕಿರಿಯ ಮಗನಿಗೆ ಆ ಮಳೆಗಾಲದಲ್ಲಿ ವಿಷಮಶೀತಜ್ವರ ಬಂದಿತ್ತೆಂದೂ, ಆಕೆ ಮನೆ ಖಾಲಿ ಮಾಡಿ ಊರನ್ನೇ ಬಿಟ್ಟು ಹೋದರೆಂದೂ ಅವರಿಗೆ ತಿಳಿದದ್ದು ಎಷ್ಟೋ ತಿಂಗಳುಗಳ ಮೇಲೆ. ಆಗ ಮನಸ್ಸು ಒಮ್ಮೆ ಕಲಕಿತು. ಆಮೇಲೆ ಬೇರೆ ಅರ್ಜಿಗಳು ಬಂದವು, ಅದು ಮರೆತುಹೋಯಿತು.

ಮರೆತದ್ದು ನೆನಪಾಗಲು ಮೂವತ್ತಮೂರು ವರ್ಷಗಳು ಬೇಕಾದವು. 2019ರ ಆಷಾಢದ ಒಂದು ಸಂಜೆ, ಬಸದಿಯಿಂದ ಮರಳುತ್ತಿದ್ದ ಅವರ ಪತ್ನಿ ಮನೆಯ ಮುಂದಿನ ಚರಂಡಿಯೊಳಗೆ ಜಾರಿಬಿದ್ದರು. ಮೇಲಿದ್ದ ಚಪ್ಪಡಿ ಮುರಿದು ವರ್ಷವಾಗಿತ್ತು. ಅಂದು ನೀರು ಉಕ್ಕಿ ಹರಿದು ದಾರಿಯಾವುದು, ಚರಂಡಿಯಾವುದು ಎಂದು ಕಾಣದಂತಾಗಿತ್ತು. ಸೊಂಟದ ಮೂಳೆ ಮುರಿದು ಆ ತಾಯಿ ನಾಲ್ಕು ತಿಂಗಳು ಹಾಸಿಗೆ ಹಿಡಿದರು. ಹಿರಿಯರು ಪುರಸಭೆಗೆ ಅರ್ಜಿ ಬರೆದರು. ಸಹಾಯವಾಣಿಗೂ ದೂರು ಕೊಟ್ಟರು. ವಾರ ಕಳೆಯುವುದರೊಳಗೆ ದೂರು ಮುಕ್ತಾಯವಾಗಿದೆ ಎಂಬ ಸಂದೇಶ ದೂರವಾಣಿಗೆ ಬಂದಿತು. ಮತ್ತೆರಡು ದಿನಕ್ಕೆ ಹಿಂಬರಹ ಬಂದಿತು. ಈಗಿನದು ಗಣಕಯಂತ್ರದಲ್ಲಿ ಮುದ್ರಿತವಾದ ಬಿಳಿಯ ಹಾಳೆ. ವಾಕ್ಯ ಮಾತ್ರ ಹಳೆಯದೇ: 'ಅನುದಾನದ ಲಭ್ಯತೆಯನ್ನು ಅನುಸರಿಸಿ ಆದ್ಯತೆಯ ಮೇರೆಗೆ...' ತಾವು ಹುಟ್ಟಿಸಿದ ವಾಕ್ಯ ಒಂದು ಅಕ್ಷರವೂ ಬದಲಾಗದೆ ತಮ್ಮ ಮನೆಯ ಬಾಗಿಲಿಗೇ ಬಂದು ನಿಂತುದನ್ನು ಅವರು ಕಂಡರು. ಆ ರಾತ್ರಿ ಅವರಿಗೆ ಪತ್ನಿಯ ನರಳಾಟಕ್ಕಿಂತ ಹೆಚ್ಚಾಗಿ ಆ ದೊಡ್ಡ ಅಕ್ಷರಗಳ ಅರ್ಜಿ ನಿದ್ರೆಗೆಡಿಸಿತು.

ಕಾನೂನು ಓದುತ್ತಿದ್ದ ಮಗಳ ಮಗಳು ಅಜ್ಜನ ಕಾಗದವನ್ನು ನೋಡಿ, "ಅಜ್ಜಾ, ಹಣವಿಲ್ಲ ಎಂಬ ಉತ್ತರ 1980ರಲ್ಲಿಯೇ ಸತ್ತುಹೋಗಿದೆಯಲ್ಲ!" ಎಂದಳು. ಅವಳು ಹೇಳಿದ್ದು ಮಧ್ಯಪ್ರದೇಶದ ರತ್ಲಾಂ ನಗರದ ಪ್ರಕರಣ. ಅಲ್ಲಿಯ ಒಂದು ಬಡಾವಣೆಯ ನಿವಾಸಿಗಳು ತೆರೆದ ಚರಂಡಿಯ ದುರ್ನಾತ, ಮದ್ಯಸಾರದ ಕಾರ್ಖಾನೆಯಿಂದ ಹರಿದುಬರುವ ಕೊಳಕು, ಬೀದಿಬದಿಯ ಮಲವಿಸರ್ಜನೆ ಇವುಗಳಿಂದ ಬೇಸತ್ತು, ನಗರಸಭೆ ಕಿವಿಗೊಡದಿದ್ದಾಗ ದಂಡಾಧಿಕಾರಿಯ ಮೊರೆಹೊಕ್ಕರು. ಸಾರ್ವಜನಿಕ ಉಪದ್ರವವನ್ನು ನಿವಾರಿಸುವ ಯೋಜನೆಯನ್ನು ಆರು ತಿಂಗಳಲ್ಲಿ ರೂಪಿಸುವಂತೆ ದಂಡಾಧಿಕಾರಿ ಆದೇಶಿಸಿದರು. ತನ್ನಲ್ಲಿ ಹಣವಿಲ್ಲವೆಂಬುದು ನಗರಸಭೆಯ ವಾದ. ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1980ರ ಜುಲೈ 29ರಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪು ಆ ವಾದವನ್ನು ತಳ್ಳಿಹಾಕಿತು. ಜನರ ಆರೋಗ್ಯವನ್ನು ಕಾಪಾಡುವುದಕ್ಕೆಂದೇ ಹುಟ್ಟಿದ ಸಂಸ್ಥೆಯು ಬೊಕ್ಕಸ ಬರಿದೆಂದು ಹೇಳಿ ಕರ್ತವ್ಯದಿಂದ ಓಡಿಹೋಗಲಾಗದು ಎಂಬುದು ಅದರ ಸಾರ.

ಆ ತೀರ್ಪಿನಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಬೀದಿಯನ್ನು ಕೆಡಿಸುತ್ತಿದ್ದ ಬಡವರನ್ನು ಅದು ದೂಷಿಸಲಿಲ್ಲ. ಶೌಚಾಲಯವೇ ಇಲ್ಲದ ಗುಡಿಸಲುವಾಸಿಗಳು ಬೇರೆಲ್ಲಿಗೆ ಹೋಗಬೇಕು ಎಂದು ಯೋಚಿಸಿ, ಗಂಡಸರಿಗೂ ಹೆಂಗಸರಿಗೂ ಸಾರ್ವಜನಿಕ ಶೌಚಾಲಯಗಳನ್ನು ಕಟ್ಟಿಸಬೇಕೆಂದು ವಿಧಿಸಿತು. ಉಳ್ಳವರ ದೂರಿಗೆ ಇಲ್ಲದವರ ಕಷ್ಟದ ಪರಿಹಾರದಲ್ಲಿಯೇ ಉತ್ತರ ದೊರೆಯಿತು.

ಅನಂತರದ ದಶಕಗಳಲ್ಲಿ ಕಾಯಿದೆಗಳಿಗೆ ಕೊರತೆಯಾಗಿಲ್ಲ. ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದು, ಹನ್ನೆರಡನೆಯ ಅನುಸೂಚಿಯ 18 ವಿಷಯಗಳನ್ನು ನಗರಾಡಳಿತಗಳಿಗೆ ವಹಿಸಿಕೊಡಲು ದಾರಿಮಾಡಿತು. ನೀರು, ನೈರ್ಮಲ್ಯ, ಬೀದಿದೀಪ ಎಲ್ಲವೂ ಅವುಗಳಲ್ಲಿವೆ. ಬೆಂಗಳೂರಿನಲ್ಲಿ ಸ್ಯಾಮ್ಯುಯೆಲ್ ಪಾಲ್ ಅವರು 1990ರ ದಶಕದ ಮೊದಲ ಭಾಗದಲ್ಲಿ, ಶಾಲೆಯ ಮಕ್ಕಳಿಗೆ ಅಂಕಪಟ್ಟಿ ಕೊಡುವಂತೆ, ನಗರದ ಸೇವಾಸಂಸ್ಥೆಗಳಿಗೆ ನಾಗರಿಕರಿಂದಲೇ ಅಂಕ ಕೊಡಿಸುವ ಸಮೀಕ್ಷೆಯನ್ನು ಆರಂಭಿಸಿದರು. 2005ರ ಮಾಹಿತಿ ಹಕ್ಕು ಕಾಯಿದೆಯು ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕೆಂದು ವಿಧಿಸಿತು. ಕರ್ನಾಟಕದಲ್ಲಿ 2012ರಲ್ಲಿ ಆರಂಭವಾದ ಸಕಾಲ ವ್ಯವಸ್ಥೆಯು ನಿಗದಿತ ಸೇವೆಗಳಿಗೆ ಕಾಲಮಿತಿಯನ್ನು ಗೊತ್ತುಮಾಡಿ, ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರನಿಗೆ ಪರಿಹಾರ ಸಲ್ಲಬೇಕೆಂದಿತು. ಇವೆಲ್ಲವೂ ಒಳ್ಳೆಯವೇ. ಆದರೆ ಕಾಲಮಿತಿಯೊಳಗೆ ಕಡತವನ್ನು ಮುಗಿಸುವುದಕ್ಕೂ ಕಷ್ಟವನ್ನು ಮುಗಿಸುವುದಕ್ಕೂ ಅಂತರವುಂಟು. ಆ ಅಂತರವನ್ನು ತುಂಬಬೇಕಾದುದು ಮನುಷ್ಯನ ಎಚ್ಚರ. ಎಚ್ಚರವಿಲ್ಲದ ನಡತೆಗೆ ಪ್ರಮಾದವೆಂದು ಹೆಸರು. ಹಿಂಸೆಯ ಬೇರು ಅಲ್ಲಿದೆಯೆಂದು ಹಿರಿಯರು ಪ್ರತಿವರ್ಷ ಪ್ರವಚನದಲ್ಲಿ ಕೇಳಿದ್ದರು. ಕೈಯಲ್ಲಿ ಕೋಲು ಹಿಡಿಯದೆ, ಒಂದು ಮುದ್ರಿತ ಹಾಳೆಯನ್ನು ಹಿಡಿದೇ ಆ ಹಿಂಸೆ ನಡೆಯಬಲ್ಲದೆಂದು ಅವರಿಗೆ ಹೊಳೆದದ್ದು ಈಗ.

ರತ್ಲಾಂ ತೀರ್ಪಿನ ಪ್ರತಿಯನ್ನು ಲಗತ್ತಿಸಿ ಇನ್ನೊಂದು ಅರ್ಜಿಯನ್ನು ಬರೆಯಲು ಅವರು ಕುಳಿತರು. ಕಟುವಾದ ಮಾತುಗಳು ತಾವಾಗಿಯೇ ಬಂದವು. ಬರೆದು ಮುಗಿಸುವ ಮೊದಲು ಚರಂಡಿ ಕಟ್ಟಿಕೊಂಡಿರುವುದೆಲ್ಲಿ ಎಂದು ತಿಳಿಯಲು ಬೀದಿಗೆ ಇಳಿದರು. ಅಂದು ಪೌರಕಾರ್ಮಿಕನೊಬ್ಬ ಬಂದಿದ್ದ. ಕೈಗೆ ಕವಚವಿರಲಿಲ್ಲ, ಕಾಲಿಗೆ ಬೂಟಿರಲಿಲ್ಲ. ಮೊಣಕೈವರೆಗೆ ಕೆಸರಿನಲ್ಲಿ ಕೈಯಿಟ್ಟು ಅವನು ಹೊರಗೆಳೆದದ್ದು ಬಾಳೆ ಎಲೆ, ದೊನ್ನೆ, ಕಾಗದದ ಲೋಟಗಳ ಕೊಳೆತ ಮುದ್ದೆ.

"ಇದು ಎಲ್ಲಿಂದ ಬಂತಪ್ಪ?" ಎಂದು ಹಿರಿಯರು ಕೇಳಿದರು.

"ನಿಮ್ಮ ಕಲ್ಯಾಣ ಮಂಟಪದಿಂದಲೇ ಯಜಮಾನ್ರೇ. ಮದುವೆ ಮುಗಿದ ಮಾರನೆ ದಿನ ಇಲ್ಲಿಗೆ ಬರ್ತೀನಿ ನಾನು. ಹೇಳಿದ್ರೆ ಯಾರು ಕೇಳ್ತಾರೆ?" ಎಂದು ಅವನು ತಲೆಯೆತ್ತದೆ ಹೇಳಿದ.

ಆ ಮಂಟಪ ಬಸದಿಯ ಟ್ರಸ್ಟಿನದು. ಹಿರಿಯರು ಟ್ರಸ್ಟಿನ ಸದಸ್ಯರಲ್ಲೊಬ್ಬರು. ಮಂಟಪದ ಹಿಂಬದಿಯ ತೂಬಿಗೆ ಜಾಲರಿಯಿಲ್ಲವೆಂಬುದು ಅವರಿಗೆ ಗೊತ್ತಿದ್ದ ಸಂಗತಿಯೇ. ನೀರನ್ನು ಸೋಸದೆ ಕುಡಿಯದ ಮನೆತನಗಳು ಸೇರಿ ನಡೆಸುವ ಮಂಟಪವು ಊರಿಗೆ ಬಿಡುವ ನೀರನ್ನು ಮಾತ್ರ ಸೋಸಿರಲಿಲ್ಲ. ಬೀದಿಯಲ್ಲಿದ್ದ ಹುಳುಹುಪ್ಪಟೆಗಳನ್ನು ತುಳಿಯದೆ ನಡೆಯುವವರ ಎಂಜಲು ಒಬ್ಬ ಮನುಷ್ಯನ ಬರಿಗೈಗೆ ಪ್ರತಿವಾರವೂ ಬರುತ್ತಿತ್ತು. ಹಿರಿಯರು ಅರ್ಧ ಬರೆದ ಅರ್ಜಿಯನ್ನು ಹರಿದುಹಾಕಿದರು.

ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲಿ ಅವರು ಈ ವಿಷಯವನ್ನು ಎತ್ತಿದಾಗ ಎಲ್ಲರೂ ಒಪ್ಪಲಿಲ್ಲ. "ತೆರಿಗೆ ಕಟ್ಟುವವರು ನಾವು, ಬಳಿಯಬೇಕಾದವರು ಅವರು. ತಪ್ಪನ್ನು ನಾವೇ ಬರೆದುಕೊಟ್ಟರೆ ನಾಳೆ ದಂಡ ಹಾಕುವುದಿಲ್ಲವೇ?" ಎಂದು ಒಬ್ಬರು ಆಕ್ಷೇಪಿಸಿದರು. ಆ ಮಾತಿನಲ್ಲಿಯೂ ಲೋಕಾನುಭವವಿತ್ತು. ಹಿರಿಯರು ವಾದಿಸಲು ಹೋಗದೆ, 1984ರ ಹಿಂಬರಹದ ಕಥೆಯನ್ನೂ 1986ರ ಅರ್ಜಿಯ ಕಥೆಯನ್ನೂ ಸಭೆಗೆ ಹೇಳಿದರು. ಮೂವತ್ತಮೂರು ವರ್ಷ ಹೆಂಡತಿಗೂ ಹೇಳದ ಮಾತದು. ಸಭೆ ಬಹಳ ಹೊತ್ತು ಮೌನವಾಗಿತ್ತು. ತೂಬಿಗೆ ಎರಡು ಹಂತದ ಜಾಲರಿ, ಎಲೆ ಮತ್ತು ಎಂಜಲಿಗೆ ಹಿತ್ತಲಿನಲ್ಲಿ ಗೊಬ್ಬರದ ಗುಂಡಿ, ಮಂಟಪವನ್ನು ಬಾಡಿಗೆಗೆ ಪಡೆಯುವವರಿಗೆ ಲಿಖಿತ ಷರತ್ತು, ಇಷ್ಟನ್ನು ಮಾಡುವುದೆಂದು ತೀರ್ಮಾನವಾಯಿತು. ಇಬ್ಬರು ಮಾತ್ರ ಒಪ್ಪದೆಯೇ ಎದ್ದುಹೋದರು.

ಕೆಲಸ ಮುಗಿದ ಮೇಲೆ ಹೊಸ ಅರ್ಜಿ ಹೋಯಿತು. ಚರಂಡಿ ಕಟ್ಟಿಕೊಂಡುದಕ್ಕೆ ಟ್ರಸ್ಟಿನ ಪಾಲೂ ಇದ್ದಿತು, ಆ ಪಾಲನ್ನು ಸರಿಪಡಿಸಲಾಗಿದೆ ಎಂದು ಬರೆಯಲು ಒಬ್ಬ ಸದಸ್ಯರು ಸೂಚಿಸಿದರು. ಹಿರಿಯರು 'ಲಾಗಿದೆ' ಎಂಬುದನ್ನು ಹೊಡೆದುಹಾಕಿ, 'ನಾವು ಸರಿಪಡಿಸಿದ್ದೇವೆ' ಎಂದು ತಿದ್ದಿದರು. ಅದರ ಕೆಳಗೆ ಪುರಸಭೆಯಿಂದ ಆಗಬೇಕಾದ ಮೂರು ಕೆಲಸಗಳನ್ನು ಅಳತೆಸಹಿತ ಬರೆದರು: ಮುರಿದ ಚಪ್ಪಡಿಗಳು ಎಷ್ಟು, ಇಳಿಜಾರು ತಪ್ಪಿದ ಭಾಗ ಎಷ್ಟು ಅಡಿ, ಕೆಲಸಗಾರರಿಗೆ ಕೈಕವಚ ಮತ್ತು ಬೂಟು. ಈ ಮೂರನೆಯದಕ್ಕೆ ಯಾವಾಗ, ಯಾರಿಂದ ಉತ್ತರ ಬರುವುದೆಂದೂ ಕೇಳಿದ್ದರು.

ಕಿರಿಯ ಅಭಿಯಂತರರು ತಾವೇ ಬಂದು ನೋಡಿದರು. ದೂರು ಕೊಡುವವರು ತಮ್ಮ ಪಾಲನ್ನು ಮೊದಲು ಬರೆದ ಅರ್ಜಿಯನ್ನು ತಾನು ನೋಡಿದ್ದು ಇದೇ ಮೊದಲೆಂದು ಆ ಯುವಕ ಹೇಳಿದನಂತೆ. ಇಡೀ ಪಟ್ಟಣಕ್ಕೆ ಇರುವವನು ಅವನೊಬ್ಬನೇ. ಅವನ ಚೀಲದ ತುಂಬ ಇಂತಹವೇ ಕಾಗದಗಳಿದ್ದವು. ಪವಾಡವೇನೂ ನಡೆಯಲಿಲ್ಲ. ಮೇಲಿನ ಅರ್ಧ ಬೀದಿಗೆ ಆ ಬೇಸಗೆಯೊಳಗೆ ಚಪ್ಪಡಿಗಳು ಬಂದವು. ಕೆಳಗಿನ ಅರ್ಧಕ್ಕೆ ಮತ್ತೆ ಎರಡು ಮಳೆಗಾಲ ಕಾಯಬೇಕಾಯಿತು. ಅದಕ್ಕಾಗಿ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಬೇಕಾಯಿತು. ಕೈಕವಚಗಳು ಬಂದವು, ಹರಿದವು, ಮತ್ತೆ ಕೇಳಬೇಕಾಯಿತು. ತನ್ನ ತಪ್ಪನ್ನು ಒಪ್ಪಿಕೊಂಡವನು ಹಕ್ಕನ್ನು ಬಿಟ್ಟುಕೊಡಬೇಕಾಗಿಲ್ಲ. ಕೇಳುವ ದನಿಗೆ ಅದರಿಂದ ಬಲವೇ ಬರುತ್ತದೆ.

ಟ್ರಸ್ಟುಗಳು ಇದರಿಂದ ತಿಳಿಯಬೇಕಾದುದು ಸ್ವಲ್ಪವೇ. ಬಸದಿಗೆ ಬಣ್ಣ ಹೊಡೆಸುವ ಲೆಕ್ಕದ ಜೊತೆಗೆ ಬಸದಿಯಿಂದ ಬೀದಿಗೆ ಏನು ಹೋಗುತ್ತಿದೆ ಎಂಬ ಲೆಕ್ಕವನ್ನೂ ವರ್ಷಕ್ಕೊಮ್ಮೆ ನೋಡತಕ್ಕದ್ದು. ಅರ್ಜಿಯಲ್ಲಿ ಅಳತೆ, ದಿನಾಂಕ, ಸ್ಥಳ ಇರತಕ್ಕದ್ದು, ನಿಂದೆ ಇರತಕ್ಕದ್ದಲ್ಲ. ಬರೆಯಲು ಬಾರದ, ಬರೆದರೂ ಕೇಳಿಸಿಕೊಳ್ಳುವವರಿಲ್ಲದ ನೆರೆಯವರ ದೂರನ್ನು, ಅವರು ಯಾವ ಮತದವರೇ ಆಗಿರಲಿ, ತನ್ನ ದೂರಿನೊಡನೆ ಕೊಂಡೊಯ್ಯತಕ್ಕದ್ದು.

ಈಗ ಆ ಊರಿನ ಬಸದಿಯ ಪಡಸಾಲೆಯಲ್ಲಿ ಒಂದು ದಪ್ಪ ವಹಿ ಇದೆ. ಬೀದಿಯ ಯಾರು ಬೇಕಾದರೂ ತಮ್ಮ ದೂರನ್ನು ಅದರಲ್ಲಿ ಬರೆಯಬಹುದು, ಬರೆಸಬಹುದು. ಗೆರೆ ಎಳೆದವರು ಹಿರಿಯರೇ. ಕೊನೆಯ ಅಂಕಣದ ಶಿರೋನಾಮೆ 'ಮುಕ್ತಾಯ'. ಆದರೆ ಅಲ್ಲಿ ಅಧಿಕಾರಿಯ ಸಹಿಗೂ ಟ್ರಸ್ಟಿನ ಸಹಿಗೂ ಜಾಗವಿಲ್ಲ. ದೂರು ಕೊಟ್ಟವರೇ, ತಮ್ಮ ಕಷ್ಟ ನೀಗಿತೆಂದು ಸಹಿ ಹಾಕಬೇಕು.

ಕ್ಷಮಾವಣಿಯ ದಿನ ಊರಿನವರೆಲ್ಲ ಒಬ್ಬರನ್ನೊಬ್ಬರು ಕ್ಷಮೆ ಬೇಡುವಾಗ, ಹಿರಿಯರಿಗೆ ನೆನಪಾಗುವ ವ್ಯಕ್ತಿ ಆ ಸಾಲಿನಲ್ಲಿರುವುದಿಲ್ಲ. ಆಕೆಯ ವಿಳಾಸವನ್ನು ಅವರು ಹುಡುಕಿಸಿದರು, ಸಿಗಲಿಲ್ಲ. ವಹಿಯ ಮೊದಲ ಪುಟದ ಮೊದಲ ಸಾಲಿನಲ್ಲಿ ಅವರು ತಮ್ಮ ಅಚ್ಚುಕಟ್ಟಾದ ಅಕ್ಷರಗಳಲ್ಲಿ ಬರೆದಿದ್ದಾರೆ: '1986, ಮಳೆಗಾಲ. ಚರಂಡಿಯ ನೀರು ಬಾವಿಗೆ ಬಸಿಯುತ್ತಿದೆ. ಮಕ್ಕಳು ಕುಡಿಯುತ್ತಿದ್ದಾರೆ.' ಅದರ ಎದುರಿನ ಕೊನೆಯ ಅಂಕಣ ಖಾಲಿಯಾಗಿದೆ. ಅದನ್ನು ಯಾರೂ ತುಂಬಬಾರದೆಂದು ಅವರು ಟ್ರಸ್ಟಿಗೆ ತಿಳಿಸಿದ್ದಾರೆ.